ಸರ್ಕಾರಕ್ಕೊಂದು ಮುಯ್ಯಿ

"ಹುಣಸೆಮರದ ತಾವ ಎಡಕ್ಕೆ ತಿರುಗಿದ್ರೆ ಊರು ಸಿಕ್ಕಿರೋದು ಕಣಮ್ಮ. ನೀನು ಬಲಕ್ಕೆ ಬಂದ್ಬುಟ್ಟೆ."

ಪರಿಗಿ ದಾಟಿ ಬಹಳ ಹೊತ್ತಾಗಿತ್ತು. ಫೋನು ತೋರಿಸುತ್ತಿದ್ದ ರಸ್ತೆ ಒಂದು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಮುಗಿದುಹೋಗಿ, ನಾನೂ ನನ್ನ ಸ್ಕೂಟರೂ ಸೊಪ್ಪಿನ ಮಧ್ಯೆ ನಿಂತಿದ್ದೆವು. ಸೊಪ್ಪು ಕೊಯ್ಯುತ್ತಿದ್ದ ಅಜ್ಜಿಯೊಬ್ಬಳನ್ನು ನಾನು ತೆಲುಗಿನಲ್ಲಿ ದಾರಿ ಕೇಳಿದ್ದೆ, ಆಕೆ ಕನ್ನಡದಲ್ಲಿ ಉತ್ತರ ಕೊಟ್ಟಿದ್ದಳು. ನಮ್ಮ ಹಿಂದೂಪುರದ ಕಡೆ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಕೆಯ ಸೊಂಟದ ಮೇಲೆ ಎರಡು ವರ್ಷದ ಮೊಮ್ಮಗಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಕುಡುಗೋಲು. ದಾರಿ ತೋರಿಸಲು ಉಳಿದಿದ್ದು ಗದ್ದ ಮಾತ್ರ. ಅದನ್ನೇ ಎತ್ತಿ ತೋರಿಸಿದಳು.

ನಾನು ಲಕ್ನೋದಲ್ಲಿ, ಮಸ್ಕತ್ತಿನಲ್ಲಿ, ನೈರೋಬಿಯಲ್ಲಿ ದಾರಿ ತಪ್ಪಿದವಳು. ಅಲ್ಲೆಲ್ಲ ತಪ್ಪಿದರೆ ಏನೋ ಒಂದು ರಸ್ತೆಯಾದರೂ ಇರುತ್ತಿತ್ತು. ಈಗಿನ ನನ್ನ ಕೆಲಸದಲ್ಲಿ ಮಾತ್ರ ಇಂಥವು ವಾರಕ್ಕೊಂದಾದರೂ ಆಗದಿದ್ದರೆ ಏನೋ ಮರೆತುಬಂದ ಹಾಗೆ ಅನಿಸುತ್ತದೆ.

ಕೆಲಸ ಇಷ್ಟೇ. ದುಡಿಯಲು ಹೋಗುವ ತಾಯಂದಿರ ಮಕ್ಕಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಪುಕ್ಕಟೆ ನೋಡಿಕೊಳ್ಳಲು ಸರ್ಕಾರ ಅಲ್ಲಲ್ಲಿ ಅಂಗನವಾಡಿಗೆ ಅಂಟಿಸಿ ಒಂದು ಸೆಂಟರ್ ತೆರೆಯುತ್ತದೆ. ಜನ ಅದನ್ನು ಬೇಬಿ ಸೆಂಟರ್ ಅನ್ನುತ್ತಾರೆ. ಯಾವ ಊರಿಗೆ ಅದು ಬೇಕು, ಯಾವ ಊರಿಗೆ ಬೇಡ ಎಂದು ನೋಡಿ ಹೇಳುವವಳು ನಾನು. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ನನ್ನ ತಿರುಗಾಟ. ಒಂದೇ ಕಡೆ ಕೂತರೆ ಕಾಲು ಜೋಮು ಹಿಡಿಯುವ ನನ್ನಂಥವಳಿಗೆ ಒಗ್ಗುವ ಕೆಲಸ.

ದಾರಿ ತೋರಿಸಿದ ಬಾಕಿ

"ಹೇಳಿದ್ರೆ ನಿಂಗೆ ಮತ್ತೆ ತಪ್ಪೋಯ್ತದೆ. ನಾನೇ ಬತ್ತೀನಿ ನಡಿ," ಎಂದು ಅಜ್ಜಿ ಸೊಪ್ಪಿನ ಹೊರೆಯನ್ನು ಬದುವಿನ ಮೇಲೆ ಇಟ್ಟು, ಮೊಮ್ಮಗಳ ಸಮೇತ ಸ್ಕೂಟರ್ ಹತ್ತಿದಳು. ದಾರಿಯುದ್ದಕ್ಕೂ ಗದ್ದ ನನ್ನ ಹೆಗಲ ಮೇಲಿತ್ತು. ಎಡಕ್ಕೆ ತಿರುಗಬೇಕಾದರೆ ಎಡಕ್ಕೆ ಒತ್ತುತ್ತಿದ್ದಳು, ಬಲಕ್ಕಾದರೆ ಬಲಕ್ಕೆ. ಫೋನಿಗಿಂತ ಸಲೀಸು.

ಊರ ಅಂಗನವಾಡಿ ಮುಂದೆ ಇಳಿದ ಮೇಲೆ ನಾನು, "ತುಂಬಾ ಉಪಕಾರ ಆಯ್ತು ಅವ್ವಾ," ಅಂದೆ.

"ಉಪಕಾರ ಎಲ್ಲಿಂದ ಬಂತು? ಮುಯ್ಯಿ ಕಣಮ್ಮ ಇದು. ಇವತ್ತು ನಾನು ನಿಂಗೆ ಬಂದೆ. ನೀನು ನಂಗೊಂದಿನ ಬರಬೇಕು."

ಮುಯ್ಯಿ ಅಂದರೆ ಈ ಕಡೆಯ ಹೊಲಗಳಲ್ಲೆಲ್ಲ ನಡೆಯುವ ಲೆಕ್ಕ. ಕಡಲೆಕಾಯಿ ಕೀಳಲು ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ, ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ದುಡ್ಡಿನ ಮಾತಿಲ್ಲ, ಬರೆದಿಡುವುದೂ ಇಲ್ಲ, ಮರೆಯುವುದಂತೂ ಇಲ್ಲ.

"ಆಯ್ತು, ಬಂದು ಏನು ಮಾಡಲಿ?" ಎಂದು ನಾನು ನಗುತ್ತ ಕೇಳಿದೆ.

ಆಕೆ ನಗಲಿಲ್ಲ. "ಕಳೆ ತೆಗಿಯೋಕೆ ಬತ್ತದಾ?"

"ಇಲ್ಲ."

"ಹಾಲು ಕರಿಯೋಕೆ?"

"ಇಲ್ಲವ್ವಾ."

"ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋಕೆ?"

ನಾನು ಅಡ್ಡಡ್ಡ ತಲೆಯಾಡಿಸಿದೆ. ಅವಳು ಸ್ಕೂಟರನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿದಳು.

"ಏನೇನ್ ದೇಶ ತಿರುಗಿದೀನಿ ಅಂದ್ಯಲ್ಲ ದಾರೀಲಿ. ಅಲ್ಲೆಲ್ಲ ಏನ್ ಮಾಡ್ತಿದ್ದೆ ಮತ್ತೆ?" ಅಂದು ಒಂದು ಕ್ಷಣ ಯೋಚಿಸಿ, "ಹೋಗ್ಲಿ ಬುಡು. ಬರೀ ಕೂತ್ಕಳೋ ಕೆಲಸ ಏನಾರ ಬಂದ್ರೆ ಹೇಳಿ ಕಳುಸ್ತೀನಿ," ಅಂದಳು.

ಏನೂ ಬೇಡ ಅಂದಿದ್ದು

ಆ ಸಂಜೆಯೇ ಹಾಲಿನ ಡೈರಿಯ ಜಗಲಿಯಲ್ಲಿ ಊರ ಹೆಂಗಸರ ಸಭೆ. ನಾನು ನನ್ನ ಭಾಷಣ ಶುರು ಮಾಡಿದೆ. ಮಗುವನ್ನು ಬೆಳಿಗ್ಗೆ ಬಿಟ್ಟು ಹೋಗಿ, ಸಂಜೆ ಕರೆದುಕೊಂಡು ಹೋಗಿ. ಹಾಲು, ಮೊಟ್ಟೆ, ಊಟ, ನಿದ್ದೆ, ಆಟ, ಹಾಡು, ಎರಡಕ್ಷರ. ಎಲ್ಲ ಸರ್ಕಾರದ್ದು.

ಸೊಸೆಯರ ಮುಖ ಅರಳಿತು, ಅತ್ತೆಯರ ಮುಖ ಮುಚ್ಚಿಕೊಂಡಿತು. ಮಕ್ಕಳಿದ್ದದ್ದು ಅತ್ತೆಯರ ಸೊಂಟದ ಮೇಲೆ. ಹಾಗಾಗಿ ಮಾತೂ ಅವರದ್ದೇ. ನನ್ನ ಅಜ್ಜಿ ಮುಂದಿನ ಸಾಲಿನಲ್ಲಿದ್ದಳು.

"ಬದ್ಲಿಗೆ ನಾವೇನ್ ಮಾಡ್ಬೇಕು?" ಎಂದು ಕೇಳಿದಳು.

"ಏನೂ ಮಾಡೋ ಹಾಗಿಲ್ಲ ಅವ್ವಾ."

"ಕೂಲಿ?"

"ಇಲ್ಲ."

"ಓಟು?"

"ಅದೂ ಇಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ."

ಆಕೆ ಹಿಂದಕ್ಕೆ ತಿರುಗಿದಳು. "ಏಳ್ರೇ, ಹೋಗಾನ. ಇದ್ರಲ್ಲಿ ಏನೋ ಅದೆ."

ಎಲ್ಲರೂ ಎದ್ದು ಹೋದರು. ಉಳಿದವಳು ಅಜ್ಜಿಯ ಸೊಸೆ ಒಬ್ಬಳೇ. ಹಿಂದೂಪುರದ ಹೊರಗೆ ಒಂದು ಗಾರ್ಮೆಂಟ್ಸ್‌ನಲ್ಲಿ ಷರ್ಟಿನ ಕಾಲರ್ ಹೊಲಿಯುವ ಹುಡುಗಿ. ಅವಳ ಕಷ್ಟ ಹೀಗಿತ್ತು. ಮಗುವನ್ನು ಮೊದಲು ಪಟ್ಟಣದ ಒಂದು ನರ್ಸರಿಯಲ್ಲಿ ಬಿಟ್ಟು ನೋಡಿದ್ದಳು. ಫೀಸಿಗೆ, ಆಟೋಗೆ ಅಂತ ಅರ್ಧ ಸಂಬಳ ಅಲ್ಲೇ ಹೋಗುತ್ತಿತ್ತು. ಬಿಡಿಸಿ ಅತ್ತೆಯ ಕೈಗೆ ಕೊಟ್ಟಳು. ಅತ್ತೆಗೆ ಮಂಡಿ ನೋವು, ಮಗು ಈಗ ಓಡುವ ವಯಸ್ಸು. ಅತ್ತೆಗೆ ಆಗದ ದಿನವೆಲ್ಲ ಇವಳಿಗೆ ರಜ. ಫ್ಯಾಕ್ಟರಿಯ ಸೂಪರ್‌ವೈಸರ್ ಹೇಳಿಬಿಟ್ಟಿದ್ದ: ಮುಂದಿನ ಆರ್ಡರ್ ಶುರುವಾಗುವ ಹೊತ್ತಿಗೆ ದಿನಾ ಬರುವ ಹಾಗಿದ್ದರೆ ಬಾ, ಇಲ್ಲದಿದ್ದರೆ ಆ ಮಿಷನ್ ಮುಂದೆ ಬೇರೆ ಹುಡುಗಿ ಕೂರುತ್ತಾಳೆ.

ಸೆಂಟರ್ ಬಂದರೆ ಅವಳ ಕೆಲಸ ಉಳಿಯುತ್ತದೆ. ಸೆಂಟರ್ ಬರಬೇಕಾದರೆ ಮೇಲಿನವರು ನೋಡಲು ಬರುವ ದಿನ ಅಂಗನವಾಡಿ ತುಂಬ ಮಕ್ಕಳಿರಬೇಕು. ಇಲ್ಲದಿದ್ದರೆ ಅದು ಚಿಲಮತ್ತೂರು ಕಡೆಯ ಇನ್ಯಾವುದೋ ಊರಿಗೆ ಹೋಗುತ್ತದೆ.

"ನಮ್ಮತ್ತೆ ಪುಕ್ಕಟೆ ಅಂದ್ರೆ ನಂಬಲ್ಲ ಮೇಡಂ," ಅಂದಳು. "ಆದ್ರೆ ಅವ್ರದ್ದು ತಪ್ಪಿಲ್ಲ. ನನ್ ಮದ್ವೇಲಿ ಇವ್ರು ವರದಕ್ಷಿಣೆ ಏನೂ ಬೇಡ ಅಂದಾಗ ನಮ್ಮಪ್ಪನೂ ಹಿಂಗೇ ಎದ್ದು ನಡೆದಿದ್ರು. ಹುಡುಗನಲ್ಲಿ ಏನೋ ಐಬು ಅದೆ ಅಂತ."

"ಇತ್ತಾ?"

"ಲಾರಿ ಡ್ರೈವರು. ಕೊಡಿಕೊಂಡ ಚೆಕ್‌ಪೋಸ್ಟ್‌ವರೆಗೂ ಬಂದಿದೀನಿ ಅಂತ ಫೋನ್ ಮಾಡ್ತಾರೆ. ಮನೆಗ್ ಬಂದಿದ್ದು ನಂಗೆ ಗ್ಯಾಪ್ಕ ಇಲ್ಲ."

ಮೊಳೆಗೆ ನೇತುಹಾಕಿದ ಟೈ

ಆ ಊರನ್ನು ಅಷ್ಟಕ್ಕೇ ಬಿಟ್ಟು ಕಲ್ಯಾಣದುರ್ಗಕ್ಕೆ ಹೋದೆ. ಅಲ್ಲಿ ಕಷ್ಟ ಬೇರೆ ಥರ. ಸೆಂಟರ್ ಇದೆ, ಸಾಕಷ್ಟು ಮಕ್ಕಳೂ ಇದ್ದಾರೆ, ಆದರೆ ಮಧ್ಯಾಹ್ನ ಮೊಟ್ಟೆಯ ಹೊತ್ತಿಗೆ ಅವರು ಒಮ್ಮೆಲೇ ಹೆಚ್ಚಾಗಿಬಿಡುತ್ತಿದ್ದರು.

ನಾನು ಬಾಗಿಲಲ್ಲಿ ಕೂತು ನೋಡಿದೆ. ಹೊತ್ತಾಗುತ್ತಿದ್ದಂತೆ ಒಂದು ಬೈಕ್ ಬಂತು. ಹಿಂದಿನಿಂದ ಮೂರು ವರ್ಷದವನೊಬ್ಬ ಇಳಿದ. ಕುತ್ತಿಗೆಗೆ ಟೈ, ಸೊಂಟಕ್ಕೆ ಬೆಲ್ಟ್, ಕಾಲಿಗೆ ಷೂ, ಎದೆ ಮೇಲೆ ಪಕ್ಕದ ಬೀದಿಯ ಇಂಗ್ಲಿಷ್ ನರ್ಸರಿಯ ಬಿಲ್ಲೆ. ಒಳಗೆ ಬಂದವನೇ ಟೈ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿ, ತಟ್ಟೆ ಹಿಡಿದು ಸಾಲಿನಲ್ಲಿ ಕೂತ. ಹಿಂದೆಯೇ ಇನ್ನೊಬ್ಬಳು, ಆಮೇಲೆ ಅಣ್ಣತಮ್ಮ ಇಬ್ಬರು. ಸ್ವಲ್ಪ ಹೊತ್ತಿಗೆ ಗೋಡೆಯಲ್ಲಿ ಟೈಗಳ ಸಾಲು. ಮೊಳೆಗಳನ್ನು ಯಾರೋ ಮಕ್ಕಳ ಎತ್ತರ ನೋಡಿಯೇ ಹೊಡೆದಿದ್ದರು.

"ಫೀಸು ಕಟ್ಟಿ ಅಲ್ಲಿಗೆ ಯಾಕೆ ಕಳಿಸ್ತೀರಪ್ಪ, ಇಲ್ಲೇ ದಿನವೆಲ್ಲ ಬಿಡಬಹುದಲ್ಲ?" ಎಂದು ಬೈಕಿನವನನ್ನು ಕೇಳಿದೆ.

"ಅಲ್ಲಿ ಇಂಗ್ಲಿಷ್ ಹೇಳ್ತಾರಂಡಿ."

"ಮತ್ತೆ ಇಲ್ಲಿಗೆ?"

"ಅಲ್ಲಿ ಬರೀ ಇಂಗ್ಲಿಷೇ ಕೊಡ್ತಾರಂಡಿ."

ಒಳಗೆ ಟೀಚರಮ್ಮನನ್ನು ಕೇಳಿದೆ, ಇದು ನಿಯಮಕ್ಕೆ ಸರಿಯಾ ಎಂದು. ಆಕೆ ಮೊಟ್ಟೆ ಸುಲಿಯುತ್ತಲೇ ಹೇಳಿದಳು: "ಟೈ ಕಟ್ಟಿದ್ರೆ ಅವರ ಮಗು ಮೇಡಂ. ಬಿಚ್ಚಿದ್ರೆ ನಮ್ದು. ನಾನು ಯಾವತ್ತೂ ಟೈ ಕಟ್ಟಿರೋ ಮಗುವಿಗೆ ಮೊಟ್ಟೆ ಕೊಟ್ಟಿಲ್ಲ."

ಬೋಳು ತಲೆ

ಅದೇ ಸೆಂಟರಿಗೆ ಮಾರನೆಯ ಬೆಳಿಗ್ಗೆ ಒಬ್ಬಳು ತಾಯಿ ಮಗನನ್ನು ಎತ್ತಿಕೊಂಡು ಬಂದಳು. ಜೊತೆಗೆ ಅವಳ ಅತ್ತೆ. ಮನೆಗೆ ಒಯ್ಯುವ ಬೇಳೆ, ಹಿಟ್ಟು ಕೊಡಬೇಕಾದರೆ ಈಗ ಟೀಚರಮ್ಮ ಫೋನಿನಲ್ಲಿ ತಾಯಿಯ ಮುಖ ಹಿಡಿಯಬೇಕು. ಫೋನು ಗುರುತು ಹಿಡಿದರೆ ಬೇಳೆ, ಇಲ್ಲದಿದ್ದರೆ ಇಲ್ಲ.

ಫೋನು ಹಿಡಿಯಲಿಲ್ಲ. ತಾಯಿ ಮಗ ಇಬ್ಬರೂ ಹಿಂದಿನ ದಿನವಷ್ಟೇ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದ್ದರು. ಎರಡೂ ತಲೆ ನುಣ್ಣಗೆ, ಮೇಲೆ ಗಂಧ.

ಟೀಚರಮ್ಮ ಸೊಸೆಗೆ ಸೆರಗು ಹೊದಿಸಿ ನೋಡಿದಳು. ಇಲ್ಲ. ಬಿಸಿಲಿಗೆ ನಿಲ್ಲಿಸಿ ನೋಡಿದಳು. ಇಲ್ಲ. ಕಣ್ಣು ಮಿಟುಕಿಸು ಅಂದಳು, ಅವಳು ಮಿಟುಕಿಸಿದಳು, ಮಗುವೂ ಮಿಟುಕಿಸಿತು. ಇಲ್ಲ. ಕೊನೆಗೆ ಟೀಚರಮ್ಮ ಜುಟ್ಟಿಗೆ ಮುಡಿದಿದ್ದ ತನ್ನ ಕನಕಾಂಬರದ ದಂಡೆಯನ್ನೇ ತೆಗೆದು ಅವಳ ಬೋಳು ತಲೆಯ ಮೇಲೆ ಸುತ್ತಿಟ್ಟಳು. ಫೋನು ಕೆಂಪು ದೀಪ ತೋರಿಸಿ, ಬೇರೆ ಯಾರೋ ಎಂದಿತು.

ಅತ್ತೆ ಇಷ್ಟು ಹೊತ್ತೂ ಮೂಲೆಯಲ್ಲಿ ಕೂತು ಸೆಂಟರಿನ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಈಗ ಮೊರ ಕೆಳಗಿಟ್ಟು ಎದ್ದಳು. "ಅಷ್ಟು ಜನದಾಗೆ ದೇವ್ರು ಗುರುತು ಹಿಡ್ದ. ಮಗ ಬೇಕು ಅಂದೋಳು ನೀನೇ ಅಲ್ವಾ, ಬಾ ಅಂತ ಕರ್ದ. ಇದ್ಕೇನ್ ಬಂದದೆ ರೋಗ?"

ಹಾಗೆ ಹೇಳುತ್ತ ಫೋನಿನ ಕಡೆಗೆ ಗದ್ದ ಎತ್ತಿದಳು. ಆ ಗದ್ದ ನನಗೆ ಗೊತ್ತಿತ್ತು.

"ಅವ್ವಾ, ಪರಿಗಿ ಕಡೆ ನಿಮಗೆ ಯಾರಾದರೂ ಇದ್ದಾರಾ?"

"ನಮ್ಮಕ್ಕ ಅವಳೆ. ಯಾಕೆ?" ಅಂದಳು. ಅಕ್ಕನ ಸುದ್ದಿ ಹೇಳಿದಾಗ ಅವಳ ಕಣ್ಣು ತುಂಬಿತು. ಎಷ್ಟೋ ವರ್ಷದಿಂದ ಅಕ್ಕ ಇಲ್ಲಿಗೆ ಬಂದಿಲ್ಲ. ಮೊದಲು ಮಕ್ಕಳನ್ನು ಎತ್ತಿಕೊಂಡಿದ್ದಳು, ಆಮೇಲೆ ನಾದಿನಿಯ ಮಕ್ಕಳು, ಈಗ ಮೊಮ್ಮಗಳು. "ಕೈ ಬಿಡುವಾದಾಗ ಬತ್ತೀನಿ ಅಂತಾನೇ ಇರ್ತಾಳೆ."

ನಾನು ಅಕ್ಕಿಯ ಮೊರ ತೋರಿಸಿ ಕೇಳಿದೆ: "ಇದನ್ನು ನಿಮ್ಮ ಹತ್ತಿರ ಯಾಕೆ ಮಾಡಿಸುತ್ತಾರೆ?"

"ಯಾರು ಮಾಡುಸ್ತಾರೆ? ಮಗೀನ ನೋಡ್ಕತಾರಲ್ಲ, ಸುಮ್ನೆ ಹೆಂಗ್ ಬುಟ್ಟು ಹೋಗಾದು? ವಾರಕ್ಕೊಂದ್ ದಿನ ಬಂದು ಅಕ್ಕಿ ಹಸನು ಮಾಡಿ ಹೋಯ್ತೀನಿ. ನಮ್ಮಕ್ಕನ ತಂಗಿ ಅಲ್ವಾ ನಾನು?"

ಬೇಳೆಯ ವಿಚಾರ ಏನಾಯಿತು ಅಂದರೆ, ತಲೆಯ ಮೇಲೆ ಒಂದಿಷ್ಟು ಕೂದಲು ಬರಲಿ ಎಂದು ಟೀಚರಮ್ಮ ತೀರ್ಮಾನಿಸಿದಳು. ಅಲ್ಲಿಯವರೆಗೆ ತನ್ನ ಮನೆಯಿಂದಲೇ ಬೇಳೆ ಕೊಟ್ಟಳಂತೆ. ಅತ್ತೆ ಮಾತ್ರ ದಿನಾ ಬೆಳಿಗ್ಗೆ ಸೊಸೆಯ ತಲೆ ಸವರಿ ನೋಡಿ, "ಇನ್ನೂ ಸರ್ಕಾರಕ್ಕೆ ಕಾಣ್ಸಲ್ಲ," ಅನ್ನುತ್ತಿದ್ದಳಂತೆ.

ಸರ್ಕಾರದ ಹೊಲ ಎಲ್ಲದೆ?

ವಾಪಸು ಬಂದು ನನ್ನ ಅಜ್ಜಿಗೆ ತಂಗಿಯ ಸುದ್ದಿಯನ್ನೂ ಅಕ್ಕಿಯ ಸುದ್ದಿಯನ್ನೂ ಹೇಳಿದೆ. ಆಕೆ ತಂಗಿಯ ಸುದ್ದಿಗೆ ಮೂಗು ಒರೆಸಿಕೊಂಡಳು. ಅಕ್ಕಿಯ ಸುದ್ದಿಗೆ ಎದ್ದು ನಿಂತಳು.

"ಅಂಗಾದ್ರೆ ಮುಯ್ಯಿ ಮಾಡ್ಬೌದಾ? ಮೊದಲೇ ಯಾಕ್ ಹೇಳ್ಲಿಲ್ಲ? ಏನೂ ಇಲ್ಲ ಏನೂ ಇಲ್ಲ ಅಂತ ಹೆದರ್ಸಿಬುಟ್ಟೆ."

ಮಾರನೆಯ ಬೆಳಿಗ್ಗೆ ಹಿಂದೂಪುರದಲ್ಲಿ ನಮ್ಮ ಆಫೀಸಿನ ಗೇಟು ತೆಗೆಯುವ ಮುಂಚೆಯೇ ಒಂದು ಸೆವೆನ್ ಸೀಟರ್ ಆಟೋ ಬಂದು ನಿಂತಿತು. ಅದರಿಂದ ಆಕೆಯ ಊರಿನ ಅತ್ತೆಯರೆಲ್ಲ ಇಳಿದರು. ಕೈಯಲ್ಲಿ ಕುಡುಗೋಲು, ವಾರೆಗುದ್ದಲಿ, ಬುತ್ತಿಯ ಗಂಟು.

ನಮ್ಮ ಸೂಪರಿಂಟೆಂಡೆಂಟರು ಕಿಟಕಿಯಿಂದ ಒಮ್ಮೆ ಇಣುಕಿ ಬಾಗಿಲು ಹಾಕಿಕೊಂಡರು. ಬಾಗಿಲ ಸಂದಿಯಿಂದ ನನಗೆ ಹೇಳಿದರು: "ಧರಣಿ ಮೇಡಂ. ಮನವಿ ತಂದಿದ್ದರೆ ಈಸ್ಕೊಳ್ಳಿ. ಸಾಹೇಬರು ಕ್ಯಾಂಪಿನಲ್ಲಿದ್ದಾರೆ ಅನ್ನಿ."

ನಾನು ಹೊರಗೆ ಹೋದೆ. "ಅವ್ವಾ, ಮನವಿ ಏನಾದರೂ ತಂದಿದ್ದೀರಾ?"

"ಬುತ್ತಿ ತಂದೀವಿ. ಮುಯ್ಯಿ ತೀರ್ಸೋಕ್ ಬಂದಿದೀವಿ. ಸರ್ಕಾರದ ಹೊಲ ಎಲ್ಲದೆ ತೋರ್ಸು."

ಸರ್ಕಾರಕ್ಕೆ ಹೊಲ ಇಲ್ಲ ಎಂದು ಹೇಳಿ ಒಪ್ಪಿಸಲು ಬಹಳ ಹೊತ್ತು ಹಿಡಿಯಿತು. "ಹೊಲ ಇಲ್ದೆ ಇಷ್ಟು ಜನಕ್ಕೆ ಎಲ್ಲಿಂದ ಕೊಡ್ತಾನೆ ಪಾಪ?" ಎಂದು ಒಬ್ಬಳು ಮರುಗಿದಳು. ಕೊನೆಗೆ ಅಜ್ಜಿಯ ಕಣ್ಣು ಆಫೀಸಿನ ಹಿತ್ತಲಿಗೆ ಬಿತ್ತು. ಅಲ್ಲಿ ಕಳೆ ಆಳೆತ್ತರ ಬೆಳೆದಿತ್ತು. ಎಲ್ಲರೂ ಸೆರಗು ಸಿಕ್ಕಿಸಿದರು, ಸಾಲು ಹಿಡಿದು ಕೂತರು.

ಮಧ್ಯಾಹ್ನದ ಹೊತ್ತಿಗೆ ಹಿತ್ತಲು ಬಯಲಾಗಿತ್ತು. ಕಳೆಯ ಕೆಳಗಿನಿಂದ ಒಂದು ಜಾರುಬಂಡೆ ಎದ್ದುಬಂತು. ಹಳದಿ ಪ್ಲಾಸ್ಟಿಕ್ಕಿನದು, ಆನೆ ಸೊಂಡಿಲಿನ ಆಕಾರ. ಅಂಗನವಾಡಿ ಮಕ್ಕಳಿಗೆ ಅಂತ ಯಾವ ಕಾಲದಲ್ಲೋ ಬಂದಿದ್ದು, ಯಾವ ಊರಿಗೆ ಕಳಿಸಬೇಕು ಎಂದು ತೀರ್ಮಾನವಾಗುವಷ್ಟರಲ್ಲಿ ಕಳೆ ಮುಚ್ಚಿಕೊಂಡಿತ್ತು.

ಧರಣಿಯಲ್ಲ ಎಂದು ಖಾತ್ರಿಯಾದ ಮೇಲೆ ಸೂಪರಿಂಟೆಂಡೆಂಟರು ಬಾಗಿಲು ತೆಗೆದು ಬಂದರು. "ಅರೆ, ಇದು ಇಲ್ಲೇ ಇತ್ತಾ!" ಅಂದರು. ಆಮೇಲೆ ಉದಾರವಾಗಿ, "ನಿಮ್ಮೂರಿಗೇ ತಗೊಂಡು ಹೋಗಿಬಿಡಿ," ಅಂದರು.

ಅಜ್ಜಿ ತಲೆ ಅಲ್ಲಾಡಿಸಿದಳು. "ನೋಡಪ್ಪ, ಈಗ್ ತಾನೇ ತೀರ್ಸಿದ್ವಿ. ಮತ್ತೆ ಬಾಕಿ ಮಾಡ್ಸಬ್ಯಾಡ."

ಅವರು ಅದನ್ನು ಒಪ್ಪಿಕೊಳ್ಳಬೇಕಾದರೆ ಸೂಪರಿಂಟೆಂಡೆಂಟರು ಆ ಅತ್ತೆಯರ ಬುತ್ತಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಉಂಡು ತಾವೇ ಬಾಕಿದಾರರಾಗಬೇಕಾಯಿತು. ಆನೆ ಆಟೋ ಮೇಲೆ ಕೂತು ಊರಿಗೆ ಹೋಯಿತು.

ದೊಡ್ಡೋರು ಬತ್ತಾರೆ ಅಂತ

ಅಲ್ಲಿಂದ ಸೆಂಟರಿಗೆ ಹೆಸರು ಬರೆಸಲು ಯಾರೂ ಹಿಂದೆಮುಂದೆ ನೋಡಲಿಲ್ಲ. ಉಳಿದಿದ್ದು ಮೇಲಿನ ಅಧಿಕಾರಿಣಿ ಬಂದು ಕಣ್ಣಾರೆ ಮಕ್ಕಳನ್ನು ನೋಡುವುದು. ಸೊಸೆಯ ಫ್ಯಾಕ್ಟರಿಯಲ್ಲಿ ಹೊಸ ಆರ್ಡರ್ ಬಂದು ಬಟ್ಟೆ ಇಳಿಸುತ್ತಿದ್ದರು. ಇನ್ನು ತಡವಾಗುವ ಹಾಗಿರಲಿಲ್ಲ.

ಆ ದಿನ ನಾನು ಬೇಗ ಹೋದೆ. ಅಂಗನವಾಡಿ ಹೊಳೆಯುತ್ತಿತ್ತು. ಸಾರಿಸಿ ರಂಗೋಲಿ ಬಿಟ್ಟಿದ್ದರು, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದ್ದರು, ಅಂಗಳದ ಆನೆಯನ್ನು ತೊಳೆದು ಕುಂಕುಮ ಇಟ್ಟಿದ್ದರು. ಒಳಗೆ ಚಾಪೆ ಹಾಸಿತ್ತು. ಚಾಪೆಯ ಮೇಲೆ ಒಂದೇ ಒಂದು ಮಗು ಇರಲಿಲ್ಲ.

"ಅವ್ವಾ! ಮಕ್ಕಳೆಲ್ಲಿ?"

"ಮನೇಲವೆ."

"ಯಾಕೆ?"

"ಅಯ್ಯೋ, ದೊಡ್ಡೋರು ಬತ್ತಾರೆ. ಸೆಂಟ್ರು ಚೊಕ್ಕಟವಾಗಿರ್ಲಿ ಅಂತ ಒಬ್ರನ್ನೂ ಕಳುಸ್ಬ್ಯಾಡ್ರೇ ಅಂದೆ. ಕಳುಸಿದ್ರೆ ಗಲೀಜು ಮಾಡಲ್ವಾ?"

ಅವಳ ಸೊಸೆ ಗೋಡೆ ಹಿಡಿದುಕೊಂಡು ಕೂತಳು. ನಾನು ಏನಾದರೂ ಹೇಳುವಷ್ಟರಲ್ಲಿ ಜೀಪು ಬಂದುಬಿಟ್ಟಿತು.

ಜೀಪಿನಿಂದ ಮೊದಲು ಕೇಳಿಸಿದ್ದು ಚೀರಾಟ. ಅಧಿಕಾರಿಣಿ ಇಳಿದರು, ಇಸ್ತ್ರಿ ಮಾಡಿದ ಸೀರೆ, ಹೆಗಲಿಗೆ ಬ್ಯಾಗು, ಸೊಂಟದ ಮೇಲೆ ಎರಡು ವರ್ಷದ ಮಗ, ಅವನ ಮೂಗು ಸೀರೆಯ ಮೇಲೆ. ಅವರ ಮನೆಯಲ್ಲಿ ಮಗು ನೋಡಿಕೊಳ್ಳುವವಳು ಹೇಳದೆ ಕೇಳದೆ ರಜ ಹಾಕಿದ್ದಳು. ಗಂಡ ಬೇರೆ ಜಿಲ್ಲೆಯಲ್ಲಿ. ಬೇರೆ ದಾರಿಯಿಲ್ಲದೆ ಎತ್ತಿಕೊಂಡು ಬಂದಿದ್ದರು.

ಅವರು ಒಳಗೆ ಬಂದು ಖಾಲಿ ಚಾಪೆ ನೋಡಿದರು. ನನ್ನನ್ನು ನೋಡಿದರು. "ಪಿಲ್ಲಲು ಎಕ್ಕಡಮ್ಮಾ?" ಮಕ್ಕಳೆಲ್ಲಿ ಎಂದು ಕೇಳುವುದಕ್ಕೂ ಅವರ ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಮೇಲಿನ ಸಾಹೇಬರ ವೀಡಿಯೊ ಮೀಟಿಂಗು. ಈಗಲೇ. ಮಗನ ಚೀರಾಟ ಇನ್ನೂ ಏರಿತು.

"ತಾರಮ್ಮ ಇತ್ಲಾಗೆ," ಎಂದು ಅಜ್ಜಿ ಕೈ ಚಾಚಿ ಅವನನ್ನು ತೆಗೆದುಕೊಂಡಳು. ಕೇಳಲೂ ಇಲ್ಲ. ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಹೋಗಿ, ಆನೆಯ ತಲೆಯ ಮೇಲೆ ಕೂರಿಸಿ ಬಿಟ್ಟಳು. ಅವನು ಸೊಂಡಿಲ ಮೇಲೆ ಜಾರಿ ಮಣ್ಣಿಗೆ ಬಂದು, ಅರೆಕ್ಷಣ ಯೋಚಿಸಿ, ಜೀವನದಲ್ಲೇ ಮೊದಲ ಸಲ ಎಂಬಂತೆ ಕೇಕೆ ಹಾಕಿ ನಕ್ಕ.

ಆ ಕೇಕೆ ಊರಿಗೆಲ್ಲ ಕೇಳಿಸಿತು. ತಮ್ಮ ಆನೆಯ ಮೇಲೆ ಯಾರೋ ಜಾರುತ್ತಿದ್ದಾರೆ ಎಂದು ಮನೆಮನೆಯಲ್ಲಿ ಕೂಡಿಹಾಕಿದ್ದ ಮಕ್ಕಳಿಗೆ ಗೊತ್ತಾಯಿತು. ಮೊದಲು ಒಂದು ಬಾಗಿಲು ದಡಾರಂದಿತು, ಆಮೇಲೆ ಎಲ್ಲ ಬಾಗಿಲುಗಳೂ. ಒಬ್ಬನ ತಲೆಯ ಮೇಲೆ ಇನ್ನೂ ಸೀಗೆಪುಡಿ. ಒಬ್ಬಳ ಒಂದು ಕಣ್ಣಿಗೆ ಮಾತ್ರ ಕಾಡಿಗೆ. ಇಬ್ಬರ ಮೈಮೇಲೆ ಏನೂ ಇಲ್ಲ. ಅವರ ಹಿಂದೆ ಟವೆಲು ಹಿಡಿದು ಓಡಿಬರುವ ಅತ್ತೆಯರು. ಎಲ್ಲರೂ ಅಂಗಳದಲ್ಲಿ ಜಾರಿ, ಮಣ್ಣಾಗಿ, ಒಳಗೆ ನುಗ್ಗಿ, ಚಾಪೆಯ ಮೇಲೆ ಗೋಡೆಗೆ ಒರಗಿ ಮೀಟಿಂಗಿನಲ್ಲಿದ್ದ ಅಧಿಕಾರಿಣಿಯ ಸುತ್ತ ಮುತ್ತಿ, ಫೋನಿನೊಳಗೆ ಯಾರಿದ್ದಾರೆ ಎಂದು ನೋಡಲು ಹೆಗಲ ಮೇಲೆ ಹತ್ತಿದರು.

ಫೋನಿನೊಳಗಿನ ಸಾಹೇಬರು ಸಿಡುಕಿದರು. "ಏನಮ್ಮಾ ಅದು ಗಲಾಟೆ?"

ಅಧಿಕಾರಿಣಿ ಒಂದು ಕೈಯಲ್ಲಿ ಕನ್ನಡಕ ಉಳಿಸಿಕೊಂಡು, ಬಹಳ ಗಂಭೀರವಾಗಿ ಹೇಳಿದರು: "ಹಾಜರಿ ಸಾರ್."

ಹೊರಡುವ ಹೊತ್ತಿಗೆ ಅವರ ಮಗ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಸೆಂಟರ್ ಮಂಜೂರು, ಸೋಮವಾರದಿಂದ ತೆಗೆಯಿರಿ ಎಂದು ಹೇಳಿ ಅವನನ್ನು ಎತ್ತಿಕೊಂಡರು. ಅಜ್ಜಿ ಅವರ ಸೆರಗಿನ ಮಣ್ಣು ಕೊಡವುತ್ತ, "ಅರ್ಧ ದಿನ ನೋಡ್ಕಂಡಿದೀನಿ. ಮುಯ್ಯಿ ಅದೆ," ಅಂದಳು. ನಾನು ತೆಲುಗಿಗೆ ತಿರುಗಿಸಿ ಹೇಳಿದೆ.

"ಸೆಂಟರ್ ಕೊಟ್ಟೆನಲ್ಲ ಅವ್ವಾ, ಅದೇ ಮುಯ್ಯಿ," ಎಂದು ಅವರು ನಕ್ಕರು.

"ಅದು ಸರ್ಕಾರದ್ದು, ಕಳೆ ತಗುದು ತೀರಿಸಾಯ್ತು. ನಿಂದು ಬ್ಯಾರೆ."

ಕೂತ್ಕಳೋ ಕೆಲಸ

ಸೋಮವಾರದ ಹಿಂದಿನ ಸಂಜೆ ಸೊಸೆ ಫೋನು ಮಾಡಿದಳು. "ಮೇಡಂ, ಅತ್ತೆ ಹೇಳ್ತಾವ್ರೆ, ಕೂತ್ಕಳೋ ಕೆಲಸ ಬಂದದಂತೆ."

ಸೋಮವಾರ ಬೆಳಿಗ್ಗೆ ಹೋದೆ. ಅಜ್ಜಿ ಹೊಸ ಸೀರೆ ಉಟ್ಟು ಸೆಂಟರಿನ ಬಾಗಿಲಲ್ಲಿ ನಿಂತಿದ್ದಳು. ಸೊಸೆ ಊಟದ ಡಬ್ಬಿ ಹಿಡಿದು ಫ್ಯಾಕ್ಟರಿ ವ್ಯಾನಿಗೆ ಹೊರಟಿದ್ದಳು. ಅಜ್ಜಿಯ ಮಾತು ಚಿಕ್ಕದಾಗಿತ್ತು. ತಾನು ಕಲ್ಯಾಣದುರ್ಗಕ್ಕೆ ತಂಗಿಯನ್ನು ನೋಡಲು ಹೋಗುತ್ತಾಳೆ. ಸೆಂಟರಿನಲ್ಲಿ ಮೊಮ್ಮಗಳ ಜೊತೆ ಸಂಜೆಯವರೆಗೆ ನಾನು ಕೂತಿರಬೇಕು.

"ಅವ್ವಾ, ಟೀಚರಮ್ಮ ಇದ್ದಾರೆ, ಆಯಾ ಇದ್ದಾಳೆ. ಸರ್ಕಾರದ ಮೇಲೆ ನಂಬಿಕೆ ಇಲ್ಲವಾ?"

"ನಂಬ್ಕೆ ಅದೆ. ಆದ್ರೆ ಸರ್ಕಾರ ನಂಗೇನೂ ಬಾಕಿ ಇಲ್ವಲ್ಲಮ್ಮ. ನೀನು ಬಾಕಿ ಇದೀಯ."

ಮೊಮ್ಮಗಳನ್ನು ನನ್ನ ಕೈಗೆ ಕೊಟ್ಟು, ಎರಡು ಹೆಜ್ಜೆ ಹೋಗಿ, ತಿರುಗಿ ನೋಡಿದಳು. ಖಾಲಿ ಸೊಂಟವನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ ಬಸ್ಸಿಗೆ ಹೋದಳು, ಒಂದು ಪಕ್ಕಕ್ಕೆ ವಾಲಿಕೊಂಡೇ.

ನಾನು ಕೂತೆ. ಟೀಚರಮ್ಮ ಹಾಡು ಹೇಳಿಸಿದಳು, ಆಯಾ ಹಾಲು ಕೊಟ್ಟಳು, ಮಕ್ಕಳು ಆನೆ ಹತ್ತಿದರು. ಅಜ್ಜಿಯ ಮೊಮ್ಮಗಳು ಮಾತ್ರ ನನ್ನ ಹೆಬ್ಬೆರಳು ಹಿಡಿದುಕೊಂಡು ನನ್ನ ಮೇಲೆಯೇ ಇದ್ದಳು. ಮೊಟ್ಟೆ ತಿಂದು ಹಾಗೇ ನಿದ್ದೆ ಹೋದಳು. ಹೆಬ್ಬೆರಳು ಬಿಡಿಸಿಕೊಳ್ಳಲು ನೋಡಿದೆ, ನಿದ್ದೆಯಲ್ಲೇ ಅಳು ಶುರುವಾಯಿತು. ಬಿಟ್ಟೆ. ಒಂದೇ ಕಡೆ ಇಷ್ಟು ಹೊತ್ತು ನಾನು ಕೂತಿದ್ದು ವಿಮಾನದಲ್ಲಿ ಮಾತ್ರ, ಅಲ್ಲಿ ಕಿಟಕಿಯಾದರೂ ಇರುತ್ತದೆ.

ಸಂಜೆ ಸೊಸೆಯ ವ್ಯಾನೂ ಅಜ್ಜಿಯ ಬಸ್ಸೂ ಒಟ್ಟಿಗೇ ಬಂದವು.

"ಹೇಗಿತ್ತವ್ವಾ ಪ್ರಯಾಣ?" ಎಂದು ಕೂತಲ್ಲಿಂದಲೇ ಕೇಳಿದೆ.

"ಏನ್ ಹೇಳ್ಲಿ. ಬಸ್ಸಲ್ಲಿ ಹೆಂಗಸ್ರಿಗೆ ಪುಕ್ಕಟೆ ಅಂದ್ಬುಟ್ಟ ಕಂಡಕ್ಟ್ರು. ನಂಗೆ ಎದೆ ಧಸಕ್ ಅಂತು. ಪಕ್ಕದ ಸೀಟಿನೋಳ ಕೂಸು ಅಳ್ತಿತ್ತು. ಕಿತ್ಕಂಡು ತೊಡೆ ಮೇಲಾಕ್ಕಂಡೆ, ಕಲ್ಯಾಣದುರ್ಗದವರ್ಗೂ. ಬಸ್ಸಿನ ಮುಯ್ಯಿ ಬಸ್ಸಲ್ಲೇ ತೀರ್ಸಿದೆ."

"ತಂಗಿ ಸಿಕ್ಕಿದಳಾ?"

"ಸಿಕ್ಕಿದ್ಲು. ಅಕ್ಕಾ ಬಂದ್ಯಾ ಅಂತ ತಬ್ಕಂಡು ಅತ್ತು, ಬೋಳುತಲೆ ಮೊಮ್ಮಗನ್ನ ನನ್ ಕೈಗ್ ಕೊಟ್ಟು ಮಲಿಕ್ಕಂಡ್ಬುಟ್ಲು. ನಾನು ಹೊರಡೋವರ್ಗೂ ಗೊರಕೆ."

ಸೊಸೆ ನಗುತ್ತ ಮಗಳನ್ನು ಎತ್ತಿಕೊಂಡಳು. ಅವಳ ಡಬ್ಬಿಯ ಚೀಲಕ್ಕೆ ಅಂಟಿದ್ದ ಕಾಲರಿನ ದಾರದ ಎಳೆಯನ್ನು ಮಗು ಕಿತ್ತಿತು. ಫ್ಯಾಕ್ಟರಿಗೆ ಅವಳು ನಾಳೆಯೂ ಬರಬೇಕಂತೆ, ನಾಡಿದ್ದೂ.

ಅಜ್ಜಿ ನನ್ನ ಎದುರು ನಿಂತು ಒಮ್ಮೆ ಗದ್ದ ಎತ್ತಿದಳು. "ನಿನ್ ಮುಯ್ಯಿ ತೀರ್ತು ಕಣಮ್ಮ. ಏಳು."

ಏಳಲು ಹೋದೆ. ಎರಡೂ ಕಾಲು ಜೋಮು ಹಿಡಿದು, ಸೊಂಟದ ಕೆಳಗೆ ನಾನೇ ಇರಲಿಲ್ಲ.

"ಏಳಕ್ಕಾಗಲ್ವಾ? ತಾ ಕೈ," ಎಂದು ಆಕೆ ಕೈ ನೀಡಿದಳು.

ಆ ಕೈಯನ್ನು ನೋಡಿದೆ. ಇಷ್ಟು ದಿನಕ್ಕೆ ಒಂದಿಷ್ಟು ಬುದ್ಧಿ ಬಂದಿತ್ತು. "ಬೇಡವ್ವಾ, ಬೇಡ," ಅಂದು ಗೋಡೆ ಹಿಡಿದುಕೊಂಡು ಎದ್ದು ನಿಂತೆ. ಗೋಡೆ ಸರ್ಕಾರದ್ದು. ಅದರ ಮುಯ್ಯಿ ಊರು ಆಗಲೇ ತೀರಿಸಿಯಾಗಿತ್ತು.